ಒಂದು ಅಡಿಗೆರೆಯ ಕಥೆ

ಯಂತ್ರಗಳು ನಮ್ಮೊಡನೆ ಮಾತನಾಡಲು ತೊಡಗಿ ಬಹಳ ಕಾಲವೇನೂ ಆಗಿಲ್ಲ. ಅಜ್ಜಿಯ ಬೀಸುಕಲ್ಲು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಅಮ್ಮನ ಹೊಲಿಗೆ ಯಂತ್ರ ದಾರ ತುಂಡಾದರೆ ಬರಿದೇ ಓಡುತ್ತಿತ್ತೇ ಹೊರತು 'ದಾರ ತುಂಡಾಗಿದೆ, ಮುಂದುವರಿಸಲೇ?' ಎಂದು ವಿಚಾರಿಸುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಯಂತ್ರಕ್ಕೂ ಬಾಯಿ ಬಂತು. ಅದು ಕೇಳುತ್ತದೆ, ಎಚ್ಚರಿಸುತ್ತದೆ, ಒಮ್ಮೊಮ್ಮೆ ಗದರಿಸುತ್ತದೆ. ಆದರೆ ಆ ಬಾಯಿಗೆ ಬಂದ ಭಾಷೆ ಇಂಗ್ಲಿಷ್.

ಹಳೆಯ ಎಂಎಸ್-ಡಾಸ್ ಕಾಲದಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆ ಒಂದು ಸಾಲು ನೆನಪಿರಬೇಕು. ಫ್ಲಾಪಿಯನ್ನು ಓದಲಾಗದಿದ್ದಾಗ ಕಪ್ಪು ಪರದೆಯ ಮೇಲೆ 'ಅಬಾರ್ಟ್, ರೀಟ್ರೈ, ಫೇಲ್?' ಎಂದು ಬರುತ್ತಿತ್ತು. 'ಅಬಾರ್ಟ್' ಎಂಬ ಪದವನ್ನು ನಮ್ಮಲ್ಲಿ ಹೆಚ್ಚಿನ ಹೆಂಗಸರು ಮೊದಲು ಕೇಳಿರುವುದು ಆಸ್ಪತ್ರೆಯಲ್ಲಿ. 'ಫೇಲ್' ಎಂಬುದನ್ನು ಕೇಳಿರುವುದು ಪರೀಕ್ಷೆಯ ಫಲಿತಾಂಶ ಬಂದಾಗ. ಕೆಲಸ ಕಲಿಯಲು ಕುಳಿತ ಹುಡುಗಿಯ ಎದುರು ಯಂತ್ರವೊಂದು ಈ ಎರಡು ಪದಗಳನ್ನು ಒಟ್ಟಿಗೆ ತಂದು ನಿಲ್ಲಿಸಿದರೆ ಅವಳ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಹೇಳಬೇಕಾಗಿದ್ದುದು ಇಷ್ಟೇ: 'ಡಿಸ್ಕ್ ಓದಲಾಗುತ್ತಿಲ್ಲ. ಕೆಲಸ ಬಿಟ್ಟುಬಿಡಲೇ, ಮತ್ತೊಮ್ಮೆ ನೋಡಲೇ?'

ಇಂಥ ಸಾಲುಗಳನ್ನು ಬರೆದವರು ಯಾರು? ಅವನ್ನು ಬೇರೆ ಭಾಷೆಗೆ ತರಬೇಕೆಂದು ಮೊದಲು ಯಾರಿಗೆ ಅನ್ನಿಸಿತು? ಅದಕ್ಕೆ ಏನು ಮಾಡಿದರು? ಈ ಪ್ರಶ್ನೆಗಳ ಹಿಂದೆ ಹೋದಾಗ ನನಗೆ ಸಿಕ್ಕ ಕಥೆ ಯುದ್ಧಗಳ ಕಥೆಯಲ್ಲ, ರಾಜರ ಕಥೆಯಲ್ಲ. ಮೂಲವನ್ನು ಬರೆಯುವವರು ಅನುವಾದಕ್ಕೆ ಜಾಗ ಬಿಡಲು ಕಲಿತ ಕಥೆ. ಹಾಗಾಗಿಯೇ ಅದು ನನಗೆ ಇತಿಹಾಸವೆನಿಸಿತು.

ಮೊದಲು ಸ್ವಲ್ಪ ಹಿನ್ನೆಲೆ. ಪ್ರೋಗ್ರಾಮ್ ಎಂದರೆ ಯಂತ್ರಕ್ಕೆ ಬರೆದುಕೊಟ್ಟ ಆಜ್ಞೆಗಳ ಪಟ್ಟಿ. ಅಡುಗೆ ಬರೆದಿಟ್ಟುಕೊಂಡ ಪುಸ್ತಕದ ಹಾಗೆ, ಇದಾದ ಮೇಲೆ ಇದು, ಇದಾಗದಿದ್ದರೆ ಅದು. ಆ ಆಜ್ಞೆಗಳ ನಡುವೆ ಅಲ್ಲಲ್ಲಿ ಮನುಷ್ಯರಿಗೆ ತೋರಿಸಬೇಕಾದ ಮಾತುಗಳೂ ಉದ್ಧರಣ ಚಿಹ್ನೆಯ ಒಳಗೆ ಕುಳಿತಿರುತ್ತವೆ. 1978ರಲ್ಲಿ ಬ್ರಿಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ 'ಸಿ' ಭಾಷೆಯ ಬಗ್ಗೆ ಬರೆದ ಪುಸ್ತಕದಲ್ಲಿ ಕಲಿಯುವವರು ಬರೆಯುವ ಮೊದಲ ಪ್ರೋಗ್ರಾಮೇ 'ಹಲೋ, ವರ್ಲ್ಡ್' ಎಂದು ಮುದ್ರಿಸುವಂಥದ್ದು. ಜಗತ್ತಿಗೆ ನಮಸ್ಕಾರ, ಆದರೆ ಇಂಗ್ಲಿಷಿನಲ್ಲಿ. ಅದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಬರೆದವರು ಅಮೆರಿಕದಲ್ಲಿದ್ದವರು, ಓದುವವರೂ ಅಲ್ಲಿಯವರೇ ಎಂದುಕೊಂಡಿದ್ದರು. 1963ರಲ್ಲಿ ಗೊತ್ತುಮಾಡಿದ ಆಸ್ಕಿ ಎಂಬ ಅಕ್ಷರಪಟ್ಟಿಯಲ್ಲಿ ಇದ್ದದ್ದೇ 128 ಸ್ಥಾನಗಳು. ಅದರಲ್ಲಿ ಫ್ರೆಂಚರ ಚಿಹ್ನೆಯುಳ್ಳ ಅಕ್ಷರಗಳಿಗೇ ಜಾಗವಿರಲಿಲ್ಲ. ಇನ್ನು ನಮ್ಮ ಒತ್ತಕ್ಷರಗಳ ಮಾತೆಲ್ಲಿ?

ಯಂತ್ರಗಳು ಯುರೋಪಿಗೂ ಜಪಾನಿಗೂ ಮಾರಾಟವಾಗತೊಡಗಿದಾಗ ತೊಂದರೆ ಶುರುವಾಯಿತು. ಜರ್ಮನ್ ಭಾಷೆಯಲ್ಲಿ ಬೇಕೆಂದರೆ ಪ್ರೋಗ್ರಾಮಿನ ಮೂಲಬರಹವನ್ನೇ ತೆರೆದು, ಆಜ್ಞೆಗಳ ನಡುವೆ ಹುದುಗಿದ್ದ ಇಂಗ್ಲಿಷ್ ಸಾಲುಗಳನ್ನು ಹುಡುಕಿ ಹುಡುಕಿ ಬದಲಿಸಬೇಕಿತ್ತು. ಹಾಗೆ ಮಾಡಿದರೆ ಅದು ಬೇರೆಯೇ ಪ್ರತಿಯಾಯಿತು. ಮೂಲದಲ್ಲಿ ನಾಳೆ ಒಂದು ತಪ್ಪು ತಿದ್ದಿದರೆ ಜರ್ಮನ್ ಪ್ರತಿಯಲ್ಲೂ ತಿದ್ದಬೇಕು, ಫ್ರೆಂಚ್ ಪ್ರತಿಯಲ್ಲೂ ತಿದ್ದಬೇಕು. ಒಂದೇ ಮನೆಯಲ್ಲಿ ಹತ್ತು ಒಲೆ ಹೂಡಿದ ಹಾಗೆ.

ಪರಿಹಾರ ಹೇಳಲು ಸುಲಭ: ಮಾತುಗಳನ್ನೆಲ್ಲ ಪ್ರೋಗ್ರಾಮಿನಿಂದ ಹೊರಗೆ ತೆಗೆದು ಬೇರೊಂದು ಪಟ್ಟಿಯಲ್ಲಿ ಇಡುವುದು. ಪ್ರೋಗ್ರಾಮ್ ಒಂದೇ ಇರಲಿ, ಪಟ್ಟಿಗಳು ಭಾಷೆಗೊಂದರಂತೆ ಇರಲಿ. ಆ ಪಟ್ಟಿಗೆ 'ಮೆಸೇಜ್ ಕ್ಯಾಟಲಾಗ್' ಎಂದು ಹೆಸರಾಯಿತು. ಸಂದೇಶಗಳ ಪಟ್ಟಿ ಎನ್ನೋಣ. ಯುರೋಪಿನ ಕೆಲವು ಕಂಪ್ಯೂಟರ್ ತಯಾರಕರು 1984ರಲ್ಲಿ ಎಕ್ಸ್/ಓಪನ್ ಎಂಬ ಒಕ್ಕೂಟ ಕಟ್ಟಿಕೊಂಡಿದ್ದರು. ಹಲವು ಭಾಷೆಗಳ ನಡುವೆ ವ್ಯಾಪಾರ ಮಾಡುವವರಿಗೆ ಇದರ ಬಿಸಿ ಮೊದಲು ತಟ್ಟುವುದು ಸಹಜವೇ. 1980ರ ದಶಕದ ಕೊನೆಯ ಹೊತ್ತಿಗೆ ಅವರು 'ಕ್ಯಾಟ್‌ಗೆಟ್ಸ್' ಎಂಬ ಕ್ರಮವನ್ನು ಮುಂದಿಟ್ಟರು. ಅದರಲ್ಲಿ ಪ್ರತಿ ಮಾತಿಗೂ ಒಂದು ಸಂಖ್ಯೆ. ಪ್ರೋಗ್ರಾಮ್ ಬರೆಯುವವರು 'ಮೂರನೆಯ ಗುಂಪಿನ ನಲವತ್ತೆರಡನೆಯ ಸಂದೇಶ ಕೊಡು' ಎಂದು ಬರೆಯಬೇಕು. ಯಂತ್ರ ಆಯಾ ಭಾಷೆಯ ಪಟ್ಟಿಯಿಂದ ಆ ಸಂಖ್ಯೆಯ ಸಾಲನ್ನು ತಂದು ತೋರಿಸುತ್ತದೆ.

ಅಡುಗೆಮನೆಯಲ್ಲಿ ಸಾಲಾಗಿ ಡಬ್ಬಿಗಳನ್ನಿಟ್ಟು ಅವುಗಳ ಮೇಲೆ 1, 2, 3 ಎಂದು ಬರೆದು, ಯಾವುದರಲ್ಲಿ ಏನಿದೆ ಎಂಬ ಚೀಟಿಯನ್ನು ಗೋಡೆಗೆ ಅಂಟಿಸಿದ್ದೀರಿ ಎಂದುಕೊಳ್ಳಿ. ಎಲ್ಲವೂ ನಿಮ್ಮ ಕೈಯಲ್ಲೇ ಇರುವವರೆಗೆ ನಡೆಯುತ್ತದೆ. ಸೊಸೆ ಬಂದು ನಡುವೆ ಒಂದು ಡಬ್ಬಿ ಸೇರಿಸಿ, ಚೀಟಿ ತಿದ್ದದಿದ್ದರೆ ಸಾರಿಗೆ ಧನಿಯಾ ಪುಡಿಯ ಬದಲು ಸೀಗೆಪುಡಿ ಬೀಳುತ್ತದೆ. ಕ್ಯಾಟ್‌ಗೆಟ್ಸ್ ಕ್ರಮದ ತೊಡಕೂ ಇದೇ. ಸಂಖ್ಯೆಗಳನ್ನು ಕಾಯ್ದುಕೊಳ್ಳುವ ಹೊರೆ ಪ್ರೋಗ್ರಾಮ್ ಬರೆಯುವವರ ತಲೆಯ ಮೇಲೆ ಬಿತ್ತು. ಬೇಸರದ ಕೆಲಸವನ್ನು ಯಾರು ತಾನೇ ಒಪ್ಪಿಕೊಳ್ಳುತ್ತಾರೆ?

ಅದೇ ಹೊತ್ತಿನಲ್ಲಿ ಯೂನಿಫೋರಮ್ ಎಂಬ ಬಳಗದಲ್ಲಿ ಇನ್ನೊಂದು ಸಲಹೆ ಹುಟ್ಟಿತ್ತು. ಅದರ ಹೆಸರು 'ಗೆಟ್‌ಟೆಕ್ಸ್ಟ್'. ಡಬ್ಬಿಗೆ ಸಂಖ್ಯೆ ಯಾಕೆ, ಹೆಸರನ್ನೇ ಬರೆದರಾಯಿತು ಎಂಬುದು ಅದರ ತಿರುಳು. ಇಂಗ್ಲಿಷ್ ಸಾಲು ಇದ್ದಲ್ಲೇ ಇರಲಿ, ಅದೇ ಕೀಲಿಕೈ. ಯಂತ್ರ ಆ ಸಾಲನ್ನು ಪಟ್ಟಿಯಲ್ಲಿ ಹುಡುಕುತ್ತದೆ. ಪಕ್ಕದಲ್ಲಿ ಅನುವಾದವಿದ್ದರೆ ಅದನ್ನು ತೋರಿಸುತ್ತದೆ, ಇಲ್ಲದಿದ್ದರೆ ಇಂಗ್ಲಿಷನ್ನೇ ತೋರಿಸುತ್ತದೆ. 1990ರ ದಶಕದ ಆರಂಭದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಇದನ್ನು ತನ್ನ ಯಂತ್ರಗಳಲ್ಲಿ ಅಳವಡಿಸಿತು.

ಇದು ಊರೂರಿಗೆ ಹರಡಿದ್ದು ಮಾತ್ರ ವ್ಯಾಪಾರಿಗಳಿಂದಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯ ಮೂಲಕ. ಯಾರು ಬೇಕಾದರೂ ಬಳಸಬಹುದಾದ, ತೆರೆದು ನೋಡಬಹುದಾದ, ತಿದ್ದಿ ಹಂಚಬಹುದಾದ ತಂತ್ರಾಂಶಗಳನ್ನು ರಚಿಸುವುದು ಆ ಯೋಜನೆಯ ಗುರಿ. 1994ರ ಜುಲೈ ತಿಂಗಳಲ್ಲಿ ಪ್ಯಾಟ್ರಿಕ್ ಡಿಕ್ರೂಜ್ ಎಂಬವರಿಗೆ 'ಫೈಲ್‌ಯುಟಿಲ್ಸ್' ಎಂಬ ಪ್ರೋಗ್ರಾಮ್ ಕಟ್ಟನ್ನು ಬೇರೆ ಬೇರೆ ಭಾಷೆಗಳಿಗೆ ಸಿದ್ಧಪಡಿಸಬೇಕೆಂದು ತೋರಿತು. ಕಡತಗಳನ್ನು ಪಟ್ಟಿ ಮಾಡುವುದು, ನಕಲಿಸುವುದು, ಅಳಿಸುವುದು ಇತ್ಯಾದಿ ಆ ಕಟ್ಟಿನ ಕೆಲಸ. ಮನೆಗೆಲಸದಂಥ ನಿತ್ಯದ ಕೆಲಸ. ಅದನ್ನು ನೋಡಿಕೊಳ್ಳುತ್ತಿದ್ದ ಜಿಮ್ ಮೆಯರಿಂಗ್ ಅವರಿಗೆ ಡಿಕ್ರೂಜ್ ತಮ್ಮ ಕರಡನ್ನು ಕಳಿಸಿದರು. ಕರಡು ತುಂಬ ತೇಪೆಮಯವಾಗಿತ್ತು. ಇನ್ನೂ ಚೊಕ್ಕಟವಾದ ದಾರಿ ಬೇಕೆಂದು ಮೆಯರಿಂಗ್ ಸ್ಟಾಲ್‌ಮನ್ನರನ್ನು ಕೇಳಿದರು. ಪತ್ರಗಳು ಓಡಾಡಿದವು, ಹಲವರು ಕೈ ಹಾಕಿದರು. ಕೊನೆಗೆ ಉಲ್ರಿಚ್ ಡ್ರೆಪ್ಪರ್ ಅವರ ಕೈಯಲ್ಲಿ 1995ರಲ್ಲಿ ಗ್ನೂ ಗೆಟ್‌ಟೆಕ್ಸ್ಟ್ ರೂಪ ತಳೆಯಿತು. ಮಾಂಟ್ರಿಯಲ್‌ನ ಫ್ರಾನ್ಸ್ವಾ ಪಿನಾರ್ ಅನುವಾದಕರಿಗೆ ಬೇಕಾದ ಸಲಕರಣೆಯನ್ನು ರಚಿಸಿ, ಬೇರೆ ಬೇರೆ ಭಾಷೆಗಳ ಸ್ವಯಂಸೇವಕ ತಂಡಗಳನ್ನು ಹೊಂದಿಸಿದರು. ಫ್ರೆಂಚ್ ಮಾತನಾಡುವ ಊರಿನವರು, ಸುತ್ತಲೂ ಇಂಗ್ಲಿಷಿನ ದೇಶ. ಈ ಕೆಲಸದ ಬೆಲೆ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ ಎಂದು ನಾನು ಊಹಿಸುತ್ತೇನೆ.

ಈಗ ಅಡಿಗೆರೆಯ ವಿಷಯಕ್ಕೆ ಬರೋಣ. ಯಾವ ಸಾಲು ಮನುಷ್ಯರಿಗೆ, ಯಾವುದು ಯಂತ್ರಕ್ಕೆ ಎಂದು ಬೇರ್ಪಡಿಸಿ ಗುರುತು ಮಾಡಬೇಕಲ್ಲ? ಪ್ರತಿ ಸಾಲಿನ ಮುಂದೆಯೂ 'ಗೆಟ್‌ಟೆಕ್ಸ್ಟ್' ಎಂದು ಬರೆದರೆ ಕೈ ನೋಯುತ್ತದೆ, ಕಣ್ಣಿಗೂ ಗೊಂದಲ. ಅದಕ್ಕೆ ಪ್ರೋಗ್ರಾಮ್ ಬರೆಯುವವರು ಒಂದು ಅಡಿಗೆರೆಯನ್ನು ಅದರ ಅಡ್ಡಹೆಸರನ್ನಾಗಿ ಮಾಡಿಕೊಂಡರು. ಒಂದು ಅಡಿಗೆರೆ, ಒಂದು ತೆರೆದ ಆವರಣ, ಸಾಲು ಮುಗಿದ ಮೇಲೆ ಒಂದು ಮುಚ್ಚಿದ ಆವರಣ. ಒಟ್ಟು ಮೂರೇ ಅಕ್ಷರಗಳ ಹೆಚ್ಚುವರಿ ಶ್ರಮ. ಆ ಮೂರು ಅಕ್ಷರ ಹಾಕಿದ ಸಾಲುಗಳನ್ನೆಲ್ಲ ಇನ್ನೊಂದು ಪ್ರೋಗ್ರಾಮ್ ಆಯ್ದು ತಂದು ಪಟ್ಟಿ ಮಾಡಿಕೊಡುತ್ತದೆ. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಖಾಲಿ ಉದ್ಧರಣ ಚಿಹ್ನೆ. ಆ ಖಾಲಿ ಜಾಗ ಅನುವಾದಕರದು. ಅವರಿಗೆ ಪ್ರೋಗ್ರಾಮ್ ಬರೆಯಲು ಬರಬೇಕಾಗಿಲ್ಲ. ತಮ್ಮ ಭಾಷೆ ಬಂದರೆ ಸಾಕು.

ನನ್ನಂಥವಳು ಈ ಕಥೆಯೊಳಗೆ ಬಂದದ್ದೂ ಈ ಖಾಲಿ ಜಾಗದಿಂದಲೇ. ನಾನು ಕನ್ನಡ ಪಾಠ ಮಾಡಿದವಳು. 2000ದ ದಶಕದಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಊರಿಗೆ ಬಂದಾಗ ಇಂಥದೊಂದು ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ತಂದಿದ್ದಳು. ಅವಳೂ ಕೆಲವು ಗೆಳೆಯರೂ ಸೇರಿ ಬಿಡುವಿನ ವೇಳೆಯಲ್ಲಿ ಕನ್ನಡಕ್ಕೆ ತರುತ್ತಿದ್ದರು. ಎಲ್ಲಿ ಸಿಕ್ಕಿಹಾಕಿಕೊಂಡರೋ ಅಲ್ಲಿ ಕೆಂಪು ಶಾಯಿಯ ಗುರುತು.

"ಮೇಡಂ, ಈ 'ನೋ' ಅನ್ನೋದಕ್ಕೆ ಏನು ಹಾಕಲಿ?" ಎಂದಳು.

"ಪ್ರಶ್ನೆ ಏನಮ್ಮ?"

"ಪ್ರಶ್ನೆ ಇಲ್ಲ ಮೇಡಂ, ಬರೀ 'ನೋ' ಇದೆ."

ನಾನು ನಗತೊಡಗಿದೆ. ಆಮೇಲೆ ನಗು ನಿಂತಿತು. ಕನ್ನಡದಲ್ಲಿ ಪ್ರಶ್ನೆ ತಿಳಿಯದೆ 'ನೋ' ಎನ್ನಲು ಬರುವುದೇ ಇಲ್ಲ. 'ಕಾಫಿ ಇದೆಯೇ?' ಎಂದರೆ 'ಇಲ್ಲ'. 'ಇದು ನಿಮ್ಮ ಕೊಡೆಯೇ?' ಎಂದರೆ 'ಅಲ್ಲ'. 'ಇನ್ನೂ ಸ್ವಲ್ಪ ಬಡಿಸಲೇ?' ಎಂದರೆ 'ಬೇಡ'. ಇಂಗ್ಲಿಷಿನ ಒಂದು ಗುಂಡಿಯ ಹಿಂದೆ ನಮ್ಮ ಮೂರು ಮಾತುಗಳು ನಿಂತಿವೆ. ಗೆಟ್‌ಟೆಕ್ಸ್ಟಿನಲ್ಲಿ ಇಂಗ್ಲಿಷ್ ಸಾಲೇ ಕೀಲಿಕೈ ಎಂದೆನಲ್ಲ? ಒಂದು ಕೀಲಿಕೈಗೆ ಒಂದೇ ಕೋಣೆ. ಪ್ರೋಗ್ರಾಮಿನಲ್ಲಿ ಇಪ್ಪತ್ತು ಕಡೆ 'ನೋ' ಇದ್ದರೂ ಪಟ್ಟಿಯಲ್ಲಿ ಅದು ಒಂದೇ ಸಲ ಬರುತ್ತದೆ, ಇಪ್ಪತ್ತು ಕಡೆಗೂ ಒಂದೇ ಅನುವಾದ. 'ಓಪನ್' ಎಂಬುದಕ್ಕೂ ಇದೇ ಗತಿ. ಒಂದು ಕಡೆ ಅದು 'ತೆರೆ' ಎಂಬ ಆಜ್ಞೆ, ಇನ್ನೊಂದು ಕಡೆ 'ತೆರೆದಿದೆ' ಎಂಬ ವರದಿ. ಈ ತೊಡಕು ನಮ್ಮೊಬ್ಬರದೇ ಆಗಿರಲಿಲ್ಲ. ಹಲವು ಭಾಷೆಯವರು ಹಲುಬಿದ ಮೇಲೆ 2006ರಲ್ಲಿ ಸಂದರ್ಭವನ್ನೂ ಕೀಲಿಕೈಯ ಜೊತೆ ಕಟ್ಟುವ ಅನುಕೂಲ ಗೆಟ್‌ಟೆಕ್ಸ್ಟಿಗೆ ಬಂತು. ಆದರೆ ಸಂದರ್ಭವನ್ನು ಬರೆಯಬೇಕಾದವರು ಪ್ರೋಗ್ರಾಮ್ ಬರೆಯುವವರು. ಅವರಿಗೆ ಅದು ತೋಚದಿದ್ದರೆ ಅನುವಾದಕರು ಎಷ್ಟು ಜಾಣರಾದರೂ ಪ್ರಯೋಜನವಿಲ್ಲ.

ಮೂಲಬರಹವನ್ನು ಅನುವಾದಕ್ಕೆ ಸಿದ್ಧಪಡಿಸುವುದು ಎಂಬ ಮಾತಿನ ಅರ್ಥ ನನಗೆ ಹೊಳೆದದ್ದು ಆಗಲೇ. ರವಿಕೆ ಹೊಲಿಸುವಾಗ ನಾವು ದರ್ಜಿಗೆ ಹೇಳುವುದಿಲ್ಲವೇ, 'ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲಿಯಿರಿ' ಎಂದು? ಹೊರಗಿನಿಂದ ನೋಡಿದರೆ ಆ ಬಟ್ಟೆ ಕಾಣುವುದಿಲ್ಲ. ಮುಂದೆ ಹೊಲಿಗೆ ಬಿಚ್ಚಬೇಕಾದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. ಬಿಗಿಯಾಗಿ ಕತ್ತರಿಸಿ ಹೊಲಿದ ರವಿಕೆ ಒಬ್ಬಳಿಗೇ, ಅದೂ ಒಂದೇ ವಯಸ್ಸಿಗೆ.

ಗ್ನೂ ಗೆಟ್‌ಟೆಕ್ಸ್ಟಿನ ಕೈಪಿಡಿಯಲ್ಲಿ ಪ್ರೋಗ್ರಾಮ್ ಬರೆಯುವವರಿಗೆ ಹೇಳಿರುವ ಬುದ್ಧಿಮಾತುಗಳು ಹೆಚ್ಚು ಕಡಿಮೆ ಇಂಥವೇ. ಒಳ್ಳೆಯ ಇಂಗ್ಲಿಷ್ ಬರೆಯಿರಿ, ಯಾಕೆಂದರೆ ಮೂಲವೇ ಗೊಂದಲವಾದರೆ ಅನುವಾದ ನೆಟ್ಟಗಾಗದು. ವಾಕ್ಯಗಳನ್ನು ಪೂರ್ತಿಯಾಗಿ ಬರೆಯಿರಿ. ಅರ್ಧ ಇಲ್ಲಿ, ಅರ್ಧ ಅಲ್ಲಿ ಇಟ್ಟು ಅಂಟಿಸಬೇಡಿ.

ಈ ಕೊನೆಯ ಮಾತು ನಮಗೆ ಬಹಳ ಮುಖ್ಯ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ನಮ್ಮಲ್ಲಿ ಕೊನೆಗೆ. 'ಆಗದು', 'ನಕಲಿಸಲು', 'ಈ ಕಡತವನ್ನು' ಎಂದು ಇಂಗ್ಲಿಷಿನ ಸಾಲಿನಲ್ಲಿ ತುಂಡುಗಳನ್ನು ಜೋಡಿಸುತ್ತ ಹೋದರೆ ಕನ್ನಡ ತಲೆಕೆಳಗಾಗಿ ನಿಲ್ಲುತ್ತದೆ. ಇಡೀ ವಾಕ್ಯವನ್ನು ಕೊಟ್ಟರೆ ನಾವು ನಮ್ಮ ಕ್ರಮದಲ್ಲಿ ಕಟ್ಟಿಕೊಳ್ಳುತ್ತೇವೆ. 'ಪೇಜ್ 3 ಆಫ್ 10' ಎಂಬ ಸಣ್ಣ ಸಾಲನ್ನೇ ನೋಡಿ. ಸಂಖ್ಯೆಗಳು ಯಂತ್ರ ತುಂಬುವಂಥವು. ಮೊದಲ ಜಾಗಕ್ಕೆ 3, ಎರಡನೆಯದಕ್ಕೆ 10. ಕನ್ನಡದಲ್ಲಿ ಅದೇ ಕ್ರಮದಲ್ಲಿ ತುಂಬಿದರೆ '3ರಲ್ಲಿ 10ನೆಯ ಪುಟ' ಎಂಬ ವಿಚಿತ್ರ ಹುಟ್ಟುತ್ತದೆ! ನಮಗೆ ಬೇಕಾದದ್ದು '10ರಲ್ಲಿ 3ನೆಯ ಪುಟ'. ಇದಕ್ಕಾಗಿ ಜಾಗಗಳಿಗೆ ಕ್ರಮಸಂಖ್ಯೆ ಕೊಟ್ಟು, ಅನುವಾದಕರು ಅದಲು ಬದಲು ಮಾಡಿಕೊಳ್ಳುವ ಅನುಕೂಲವನ್ನು ಕಲ್ಪಿಸಿದ್ದಾರೆ.

ಬಹುವಚನದ ಕಥೆ ಇನ್ನೂ ಸ್ವಾರಸ್ಯವಾದದ್ದು. ಇಂಗ್ಲಿಷರಿಗೆ ಬಹುವಚನವೆಂದರೆ ಹೆಚ್ಚಿನ ಪದಗಳಿಗೆ ಕೊನೆಯಲ್ಲಿ ಒಂದು 'ಎಸ್' ಸೇರಿಸುವುದು. ಹಳೆಯ ಪ್ರೋಗ್ರಾಮುಗಳಲ್ಲಿ ಸಂಖ್ಯೆ ಒಂದಕ್ಕಿಂತ ಹೆಚ್ಚಾದರೆ 'ಎಸ್' ಅಂಟಿಸುವ ಏರ್ಪಾಡನ್ನು ಆಜ್ಞೆಯೊಳಗೇ ಬರೆದುಬಿಡುತ್ತಿದ್ದರು. ಪೋಲಿಷ್ ಭಾಷೆಯವರು ಏನು ಮಾಡಬೇಕು? ಅವರಲ್ಲಿ ಒಂದು ಕಡತವಾದರೆ 'ಪ್ಲಿಕ್', ಎರಡು, ಮೂರು, ನಾಲ್ಕಾದರೆ 'ಪ್ಲಿಕಿ', ಐದರಿಂದ ಇಪ್ಪತ್ತೊಂದರವರೆಗೆ 'ಪ್ಲಿಕುಫ್', ಇಪ್ಪತ್ತೆರಡಕ್ಕೆ ಮತ್ತೆ 'ಪ್ಲಿಕಿ'. ಸ್ಲೋವೇನಿಯನ್ನರಿಗೆ ನಾಲ್ಕು ರೂಪ, ಅರಬ್ಬಿಯಲ್ಲಿ ಆರು. ಜಪಾನಿಯರಿಗೆ ಒಂದೇ ಸಾಕು. ಫ್ರೆಂಚರು ಸೊನ್ನೆಯನ್ನೂ ಏಕವಚನಕ್ಕೇ ಸೇರಿಸುತ್ತಾರೆ. ಆದ್ದರಿಂದ ಪ್ರತಿ ಭಾಷೆಯವರೂ ತಮ್ಮ ಪಟ್ಟಿಯ ತಲೆಯಲ್ಲಿ ತಮ್ಮ ಎಣಿಕೆಯ ಸೂತ್ರವನ್ನು ಬರೆಯುವಂತೆ ಮಾಡಿದರು. ಭಾಷೆಗಳ ಹಟಕ್ಕೆ ಯಂತ್ರ ಮಣಿದ ಅಪರೂಪದ ಗಳಿಗೆ ಇದು.

ಕನ್ನಡಕ್ಕೆ ಎರಡು ರೂಪವೆಂದು ಸೂತ್ರ ಬರೆದಿದ್ದಾರೆ. ಆದರೆ ನಮ್ಮ ಎಣಿಕೆ ಅಷ್ಟು ಸರಳವೇ? 'ನಾಲ್ಕು ಮಾವಿನಹಣ್ಣು ಕೊಡಿ' ಎನ್ನುತ್ತೇವೆ, 'ಹಣ್ಣುಗಳು' ಎನ್ನಲೇಬೇಕೆಂದಿಲ್ಲ. ಮನುಷ್ಯರಾದರೆ ಎಣಿಕೆಯೇ ಬೇರೆ: ಒಬ್ಬಳು, ಇಬ್ಬರು, ಮೂವರು, ನಾಲ್ವರು. ವಸ್ತುಗಳನ್ನು ಎಣಿಸುವ ಪದದಿಂದ ನಾವು ಜನರನ್ನು ಎಣಿಸುವುದಿಲ್ಲ. 'ಎರಡು ಹೆಂಗಸರು' ಎಂದರೆ ಕಿವಿಗೆ ಚುಚ್ಚುತ್ತದೆ. ಪರದೆಯ ಮೇಲೆ '2' ಎಂದು ಅಂಕಿಯಲ್ಲಿ ಬರುವುದರಿಂದ ಈ ಚುಚ್ಚು ಮರೆಯಾಗಿದೆ, ಅಷ್ಟೆ.

ಇನ್ನು ವಿಭಕ್ತಿ. ಯಂತ್ರ ಹೆಸರು ತುಂಬುವ ಖಾಲಿ ಜಾಗದ ಮುಂದೆ ನಾವು 'ಗೆ' ಎಂದು ಬರೆದಿಟ್ಟರೆ 'ಮಂಡ್ಯ' ಬಂದಾಗ 'ಮಂಡ್ಯಗೆ', 'ಮಂಗಳೂರು' ಬಂದಾಗ 'ಮಂಗಳೂರುಗೆ' ಆಗುತ್ತದೆ. ಮಂಡ್ಯಕ್ಕೆ, ಮಂಗಳೂರಿಗೆ ಎಂದು ಹೇಳಲು ಯಂತ್ರಕ್ಕೆ ಬಾರದು. ನನ್ನ ವಿದ್ಯಾರ್ಥಿನಿಯ ಗುಂಪಿನವರು ಇದಕ್ಕೊಂದು ಉಪಾಯ ಮಾಡುತ್ತಿದ್ದರು. 'ಎಂಬ' ಎಂಬ ಪದವನ್ನು ನಡುವೆ ತಂದು ನಿಲ್ಲಿಸುವುದು. 'ಇಂಥದ್ದು ಎಂಬ ಕಡತವನ್ನು ಅಳಿಸಬೇಕೆ?' ಎಂದರೆ ಪ್ರತ್ಯಯ ಗೊತ್ತಿರುವ ಪದಕ್ಕೇ ಅಂಟುತ್ತದೆ, ಹೆಸರು ಸುರಕ್ಷಿತ. ಹಳೆಗನ್ನಡದ ಶಾಸನಗಳಿಂದಲೂ ನಡೆದು ಬಂದ ಪದ ಹೊಸ ಯಂತ್ರದ ಮಾನ ಕಾಯುತ್ತಿರುವುದನ್ನು ಕಂಡು ನನಗೆ ಹಿಗ್ಗಾಯಿತು.

ಹೆಣ್ಣಾಗಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ ಎರಡು ಪ್ರಶ್ನೆಗಳು. ಒಂದು, ಲಿಂಗದ್ದು. 'ಇಂಥವರು ಒಳಗೆ ಬಂದಿದ್ದಾರೆ' ಎಂದು ಯಂತ್ರ ತಿಳಿಸಬೇಕು. ಇಂಗ್ಲಿಷಿನ ಕ್ರಿಯಾಪದಕ್ಕೆ ಗಂಡು ಹೆಣ್ಣಿನ ಭೇದವಿಲ್ಲ, ನಮ್ಮದಕ್ಕೆ ಇದೆ. 'ಬಂದಿದ್ದಾನೆ' ಎಂದು ಅನುವಾದಿಸಿದರೆ ಕುಳಿತವರೆಲ್ಲ ಗಂಡಸರು ಎಂದಂತಾಯಿತು. ಕೆಲವು ಭಾಷೆಗಳಲ್ಲಿ ಈ ತೊಡಕಿಗೆ ಸುಲಭದ ಬಿಡುಗಡೆಯಿಲ್ಲ. ನಮ್ಮಲ್ಲಿ ಗೌರವದ ಬಹುವಚನ ಕೈಹಿಡಿಯಿತು. 'ಬಂದಿದ್ದಾರೆ' ಎಂದರೆ ಹೆಣ್ಣೂ ಹೌದು, ಗಂಡೂ ಹೌದು, ಮೇಲಾಗಿ ಮರ್ಯಾದೆಯೂ ಉಳಿಯಿತು.

ಎರಡನೆಯದು, ಏಕವಚನ ಬಹುವಚನದ ಮರ್ಯಾದೆಯದ್ದೇ. ಗುಂಡಿಯ ಮೇಲೆ 'ಉಳಿಸು' ಎಂದಿರಬೇಕೋ 'ಉಳಿಸಿ' ಎಂದೋ? ಈ ಬಗ್ಗೆ ಆ ಗುಂಪಿನಲ್ಲಿ ದೊಡ್ಡ ವಾಗ್ವಾದವೇ ಆಯಿತಂತೆ. ಮಾತು ಯಾರಿಂದ ಯಾರಿಗೆ ಎಂದು ಕೇಳಿಕೊಂಡಾಗ ಉತ್ತರ ಸಿಕ್ಕಿತು. ಗುಂಡಿ ಒತ್ತುವಾಗ ನಾವು ಯಂತ್ರಕ್ಕೆ ಆಜ್ಞೆ ಕೊಡುತ್ತೇವೆ. ಯಂತ್ರಕ್ಕೆ ಬಹುವಚನ ಯಾಕೆ? ಅಲ್ಲಿ 'ಉಳಿಸು', 'ಮುಚ್ಚು', 'ಅಳಿಸು'. ಯಂತ್ರ ನಮ್ಮನ್ನು ಕೇಳುವಾಗ ಮಾತ್ರ 'ಹೆಸರನ್ನು ಬರೆಯಿರಿ', 'ದಯವಿಟ್ಟು ಕಾಯಿರಿ'. ಇಂಗ್ಲಿಷಿನ ಮೂಲದಲ್ಲಿ ಈ ಭೇದವೇ ಇಲ್ಲ. ಯಜಮಾನರು ಯಾರು, ಆಳು ಯಾರು ಎಂಬುದನ್ನು ನಮ್ಮ ಭಾಷೆ ಅನುವಾದಕ್ಕೆ ಕುಳಿತವರಿಂದ ಬಲವಂತವಾಗಿ ಹೇಳಿಸಿತು.

ಕನ್ನಡಕ್ಕೆ ಈ ಸಂದೇಶಪಟ್ಟಿಗಳು ತಡವಾಗಿ ಬಂದುದಕ್ಕೆ ಕಾರಣವಿದೆ. 1990ರ ದಶಕದಲ್ಲಿ ನಮ್ಮಲ್ಲಿ ಕನ್ನಡ ತಂತ್ರಾಂಶಗಳು ಇರಲಿಲ್ಲವೆಂದಲ್ಲ. ಆದರೆ ಒಬ್ಬೊಬ್ಬರ ಅಕ್ಷರ ಸಂಕೇತ ಒಂದೊಂದು ಬಗೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಲಸುಮೇಲೋಗರವಾಗುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಮಾಡಹೊರಟ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಅದು ಸಾಮಾನ್ಯರ ಯಂತ್ರಕ್ಕೆ ಇಳಿಯಲು ಮಾತ್ರ ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ ಕನ್ನಡ ಅಕ್ಷರಶೈಲಿಗೆ ನಮ್ಮ ಹೊಳೆಯ ಹೆಸರು, 'ತುಂಗಾ'. ಅನುವಾದಕರ ಪಟ್ಟಿಗಳಲ್ಲಿ ನಮ್ಮ ಭಾಷೆಯ ಗುರುತು 'ಕೆ ಎನ್' ಎಂಬ ಎರಡು ಅಕ್ಷರ. 'ಕೆ ಎ' ಎಂದಿರಬೇಕಿತ್ತಲ್ಲ ಎನ್ನಬೇಡಿ. ಅದು ಜಾರ್ಜಿಯನ್ ಭಾಷೆಯದು.

2000ದ ದಶಕದಲ್ಲಿ ಗ್ನೋಮ್, ಕೆಡಿಇ ಮುಂತಾದ ಮುಕ್ತ ತಂತ್ರಾಂಶಗಳ ಸಾವಿರಾರು ಸಾಲುಗಳನ್ನು ಕನ್ನಡಕ್ಕೆ ತಂದವರಲ್ಲಿ ಬಹಳ ಮಂದಿ ಸಂಜೆಯ ಬಿಡುವಿನಲ್ಲಿ ಕುಳಿತ ಸ್ವಯಂಸೇವಕರು. ಒಬ್ಬೊಬ್ಬರು ಒಂದೊಂದು ಪದ ಬಳಸಿದರೆ ಓದುವವರು ಕಂಗಾಲಾಗುತ್ತಾರೆಂದು ಮೇಲಿಂದ ಮೇಲೆ ಬರುವ ಪದಗಳಿಗೆ ಒಮ್ಮತದ ಪಟ್ಟಿ ಮಾಡುವ ಫ್ಯೂಯೆಲ್ ಎಂಬ ಯೋಜನೆ 2008ರಲ್ಲಿ ಭಾರತದಲ್ಲೇ ಆರಂಭವಾಯಿತು. 'ಫೈಲ್'ಗೆ ನಿಂತ ಪದ 'ಕಡತ'. ಹಿಂದೆ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದಲ್ಲಿ ಅಂಥ ಹಳೆಯ ಕಡತಗಳಿವೆ. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ. ಆ ಹಳೆಯ ಡಾಸ್ ಪರದೆಯೂ ಹಾಗೇ ಇತ್ತಲ್ಲವೇ?

ಇಷ್ಟೆಲ್ಲ ಯಾಕೆ, ಇಂಗ್ಲಿಷ್ ಕಲಿತರಾಯಿತಲ್ಲ ಎನ್ನುವವರಿದ್ದಾರೆ. ನಮ್ಮ ಬೀದಿಯ ಒಬ್ಬ ಹುಡುಗಿ ಸಣ್ಣ ಸಂಸ್ಥೆಯೊಂದರಲ್ಲಿ ಲೆಕ್ಕ ತುಂಬುವ ಕೆಲಸಕ್ಕಿದ್ದಳು. ಒಂದು ಸಂಜೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದದ ಪ್ರಶ್ನೆ ಬಂತು. ದಿನವೂ ಯಾವುದೋ ಪ್ರಶ್ನೆಗೆ 'ವೈ' ಒತ್ತಿ ಒತ್ತಿ ರೂಢಿಯಾಗಿದ್ದ ಅವಳು ಅದಕ್ಕೂ 'ವೈ' ಒತ್ತಿದಳು. ಇಡೀ ದಿನ ತುಂಬಿದ್ದು ಅಳಿಸಿಹೋಯಿತು. 'ಓದದೆ ಯಾಕೆ ಒತ್ತಿದೆ?' ಎಂದು ಮೇಲಿನವರು ಎಲ್ಲರೆದುರು ಬೈದರು. ಅವಳು ಅಳುತ್ತ ನನ್ನ ಬಳಿ ಹೇಳಿದ ಮಾತು ಇಷ್ಟೇ: "ಓದಿದೆ ಅಕ್ಕಾ. ಅಕ್ಷರ ಓದಕ್ಕಾಯ್ತು, ಅರ್ಥ ಆಗ್ಲಿಲ್ಲ." ಅವಳು ಲೆಕ್ಕದಲ್ಲಿ ಚುರುಕಿನವಳು, ಕನ್ನಡದಲ್ಲಿ ಪ್ರಥಮ ದರ್ಜೆ. ಆ ಸಾಲಿನ ಮುಂದೆ ಯಾರೋ ಒಂದು ಅಡಿಗೆರೆ ಹಾಕಿದ್ದರೆ, ಇನ್ನಾರೋ ಅದರ ಕೆಳಗಿನ ಖಾಲಿ ಜಾಗ ತುಂಬಿದ್ದರೆ, ಅವಳ ಒಂದು ದಿನ ಉಳಿಯುತ್ತಿತ್ತು, ಅವಮಾನ ತಪ್ಪುತ್ತಿತ್ತು.

ಗೆಟ್‌ಟೆಕ್ಸ್ಟಿನಲ್ಲಿ ದೋಷವಿಲ್ಲವೇ? ಇದೆ. ಇಂಗ್ಲಿಷೇ ಕೀಲಿಕೈಯಾದ್ದರಿಂದ ಅದು ಎಂದೆಂದಿಗೂ ಮೂಲದ ಪೀಠದಲ್ಲೇ ಕುಳಿತಿದೆ. ಇಂಗ್ಲಿಷಿನಲ್ಲಿ ಒಂದು ಕಾಗುಣಿತ ತಿದ್ದಿದರೂ ಕೀಲಿಕೈ ಬದಲಾಗುತ್ತದೆ. ಆಗ ಎಲ್ಲ ಭಾಷೆಗಳ ಅನುವಾದಕ್ಕೂ 'ಅಸ್ಪಷ್ಟ' ಎಂಬ ಮುದ್ರೆ ಬಿದ್ದು, ಯಾರಾದರೂ ಮತ್ತೆ ನೋಡಿ ಒಪ್ಪುವವರೆಗೆ ಪರದೆಯ ಮೇಲೆ ಇಂಗ್ಲಿಷೇ ಬರುತ್ತದೆ. ಯಾರದೋ ಮನೆಯ ಸುಣ್ಣ ಬಳಿತಕ್ಕೆ ಊರಿನವರೆಲ್ಲ ಮತ್ತೆ ಅಂಗಳ ಗುಡಿಸಬೇಕು. ಆದರೂ ಸ್ವಲ್ಪ ಸ್ವಲ್ಪವೇ ಅನುವಾದಿಸಲು, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಮುಂದುವರಿಸಲು ಇದರಲ್ಲಿ ಸಾಧ್ಯವಿದೆ. ನೂರು ಸಾಲು ಆಗಿದ್ದರೆ ನೂರು ಸಾಲಿನಷ್ಟು ಕನ್ನಡ ಮಾತನಾಡುತ್ತದೆ, ಉಳಿದದ್ದು ಇಂಗ್ಲಿಷಿನಲ್ಲಿ. ಬಿಡುವು ಸಿಕ್ಕಾಗ ಮಾತ್ರ ದುಡಿಯಬಲ್ಲವರಿಗೆ ಒಗ್ಗುವ ಕ್ರಮ ಇದು.

ಯುನಿಕ್ಸ್ ಬಗೆಯ ಯಂತ್ರಗಳ ಅಧಿಕೃತ ಮಾನದಂಡವಾದ ಪೊಸಿಕ್ಸ್ ಬಹಳ ವರ್ಷ ಕ್ಯಾಟ್‌ಗೆಟ್ಸನ್ನೇ ಇಟ್ಟುಕೊಂಡು ಗೆಟ್‌ಟೆಕ್ಸ್ಟನ್ನು ಹೊರಗೆ ನಿಲ್ಲಿಸಿತ್ತು. ಜನ ಬಳಸುತ್ತಲೇ ಇದ್ದರು. ಕೊನೆಗೆ 2024ರ ಆವೃತ್ತಿಯಲ್ಲಿ ಅದಕ್ಕೆ ಒಳಗೆ ಜಾಗ ಸಿಕ್ಕಿತು. ಈಗ ಯಂತ್ರವೇ ಅನುವಾದ ಮಾಡಿಕೊಡುವ ಕಾಲ. ಆದರೆ ಪ್ರಶ್ನೆ ತಿಳಿಯದೆ 'ನೋ' ಎನ್ನಬೇಕಾದ ಕಷ್ಟ ಯಂತ್ರಕ್ಕೂ ತಪ್ಪಿದ್ದಲ್ಲ. ಸಂದರ್ಭ ಹೇಳಬೇಕಾದವರು ಮೂಲ ಬರೆದವರೇ.

ಒಂದು ವಿಷಯ ಹೇಳಿ ಮುಗಿಸುತ್ತೇನೆ. ಪ್ರತಿ ಸಂದೇಶಪಟ್ಟಿಯ ಮೊದಲ ನಮೂದು ಖಾಲಿಯಾಗಿರುತ್ತದೆ. ಇಂಗ್ಲಿಷ್ ಭಾಗದಲ್ಲಿ ಏನ��ೂ ಇರುವುದಿಲ್ಲ. ಅದರ 'ಅನುವಾದ'ದ ಜಾಗದಲ್ಲಿ ಪಟ್ಟಿಯ ವಿವರಗಳು, ಕೊನೆಯದಾಗಿ ಅನುವಾದಿಸಿದವರ ಹೆಸರು ಇರುತ್ತದೆ. ಪ್ರೋಗ್ರಾಮ್ ಬಳಸುವವರು ಅದನ್ನು ನೋಡುವುದಿಲ್ಲ. ಎಷ್ಟೋ ಮನೆಗಳನ್ನು ನಡೆಸಿದವರ ಹೆಸರು ಹೀಗೆಯೇ ಮಾತಿಲ್ಲದ ಜಾಗದಲ್ಲಿ ಬರೆದಿರುತ್ತದೆ. ಗ್ನೋಮ್‌ನವರು ಇದಕ್ಕೊಂದು ಸಣ್ಣ ತಿದ್ದುಪಡಿ ಮಾಡಿದ್ದಾರೆ. ಅವರ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಅನುವಾದಕರ ಹೆಸರಿಗೆಂದೇ ಒಂದು ಸಾಲು ಇರುತ್ತದೆ. ಅದನ್ನು ಅನುವಾದಿಸಬೇಕಾಗಿಲ್ಲ, ಅಲ್ಲಿ ನಿಮ್ಮ ಹೆಸರನ್ನು ಬರೆಯಬೇಕು. ಆ ಪ್ರೋಗ್ರಾಮಿನ ಪರಿಚಯದ ಕಿಟಕಿ ತೆರೆದವರಿಗೆ ಅದು ಕಾಣುತ್ತದೆ. ಮುಂದೆ ಎಲ್ಲಾದರೂ ಕನ್ನಡದಲ್ಲಿ ಮಾತನಾಡುವ ಪರದೆ ಸಿಕ್ಕಿದರೆ ಒಮ್ಮೆ ಆ ಕಿಟಕಿ ತೆರೆದು ನೋಡಿ. ಅಲ್ಲಿರುವವರು ನಿಮ್ಮ ಪಕ್ಕದ ಊರಿನವರೇ ಆಗಿರಬಹುದು.